ಕ್ಯಾತಪ್ಪ ಮಾವನಿಗೆ ಹೊದಿಸಿದ ಶಾಲು

ಕೊರಟಗೆರೆ ಬಸ್ ನಿಲ್ದಾಣದಲ್ಲಿ ಮಧುಗಿರಿ ಕಡೆಯ ಬಸ್ಸು ಇನ್ನೇನು ಹೊರಡಬೇಕು, ಡ್ರೈವರು ಗೇರು ಹಾಕಬೇಕು, ಅಷ್ಟರಲ್ಲಿ ಕ್ಯಾತಪ್ಪ ಮಾವ ಕಿಟಕಿಯಾಚೆ ಏನನ್ನೋ ಕಂಡು ಎದ್ದು ನಿಂತುಬಿಡುತ್ತಿದ್ದ. "ಒಂದ್ ಗಳಿಗೆ ತಡಿಯಪ್ಪ" ಎಂದು ಇಳಿದು, ಹೋಟೆಲಿನ ಪಕ್ಕ ಸುಮ್ಮನೆ ಸುರಿಯುತ್ತಿದ್ದ ನಲ್ಲಿಯ ಹತ್ತಿರ ಹೋಗಿ ಅದನ್ನು ತಿರುವಿ ನಿಲ್ಲಿಸುತ್ತಿದ್ದ. ನಲ್ಲಿ ಸವೆದು ನಿಲ್ಲದಿದ್ದರೆ ಹೆಗಲ ಮೇಲಿನ ಟವೆಲ್ಲಿನ ಅಂಚು ಹರಿದು ಬಿಗಿಯಾಗಿ ಸುತ್ತಿ ಕಟ್ಟುತ್ತಿದ್ದ. ಕಂಡಕ್ಟರು ರೇಗಿ "ಅದೇನು ನಿಮ್ಮಪ್ಪನ ನೀರೇನಯ್ಯ?" ಎಂದರೆ, ಮಾವ ನಿಧಾನವಾಗಿ ಮೆಟ್ಟಿಲು ಹತ್ತುತ್ತಾ "ಅಲ್ಲ ಕಣಪ್ಪ, ನಿಮ್ಮಪ್ಪಂದು. ಅದಕ್ಕೇ ನಿಲ್ಸಿ ಬಂದೆ" ಎನ್ನುತ್ತಿದ್ದ. ಎರಡು ಸಲ ಬಸ್ಸು ಅವನನ್ನು ಬಿಟ್ಟೇ ಹೋಗಿತ್ತು. ಅವನ ಯಾವ ಟವೆಲ್ಲಿಗೂ ಅಂಚು ಇರಲಿಲ್ಲ.

ಇಂಥ ಮನುಷ್ಯನ ಕೈಯಿಂದ ಒಂದು ಅನಾಹುತ ನಡೆಯಿತು. ಆಮೇಲೆ ನನ್ನ ಬಾಯಿಂದ ಅದಕ್ಕಿಂತ ದೊಡ್ಡದು ನಡೆಯಿತು. ಎರಡನ್ನೂ ನೆನೆಯಲು ಈಗಲೂ ನನಗೆ ಹೆದರಿಕೆ. ನಾನೇನು ಸುಲಭಕ್ಕೆ ಹೆದರುವವಳಲ್ಲ. ಇಪ್ಪತ್ತು ವರ್ಷ ಮಕ್ಕಳಿಗೆ ವಿಜ್ಞಾನ ಪಾಠ ಮಾಡಿದವಳು, ಊರಲ್ಲಿ ಬಾಯಿ ಜೋರು ಎಂದು ಹೆಸರು ಪಡೆದವಳು. ಆದರೆ ಆ ಜೋರು ಬಾಯಿ ಬೇಕಾದ ಹೊತ್ತಿಗೆ ಏನು ಮಾಡಿತು ಎನ್ನುವುದನ್ನು ಹೇಳಬೇಕಾದರೆ ಮೊದಲು ಮಾವನ ವಿಷಯ ಹೇಳಬೇಕು.

ನಮ್ಮೂರು ಮಧುಗಿರಿಗೂ ಕೊರಟಗೆರೆಗೂ ನಡುವೆ ಇದೆ. ಊರಿಗೊಂದು ಕೆರೆ, ಕೆರೆಗೊಬ್ಬ ನೀರುಗಂಟಿ. ತೂಬು ಎತ್ತಿ ನೀರು ಬಿಡುವುದು, ಇಳಿಸಿ ನಿಲ್ಲಿಸುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ತೀರ್ಮಾನ ಹೇಳುವುದು, ಏರಿ ಕಾಯುವುದು, ಎಲ್ಲವೂ ನೀರುಗಂಟಿಯದೇ. ಮಾವನ ಅಪ್ಪ, ಅಪ್ಪನ ಅಪ್ಪ ಇದನ್ನೇ ಮಾಡಿದವರು. ತೂಬು ಎತ್ತುವ ಕಬ್ಬಿಣದ ಸಲಾಕೆ ಅವನ ಮನೆಯ ದೇವರ ಮೂಲೆಯಲ್ಲಿ ಒರಗಿಕೊಂಡಿರುತ್ತಿತ್ತು. ಹಬ್ಬದ ದಿನ ಅವನ ಹೆಂಡತಿ ಪುಟ್ಟಮ್ಮತ್ತೆ ದೇವರ ಪಟಗಳಿಗೆ ಕುಂಕುಮ ಇಟ್ಟ ಬೆರಳಲ್ಲೇ ಅದಕ್ಕೂ ಇಡುತ್ತಿದ್ದಳು. ರಕ್ತಸಂಬಂಧದಲ್ಲಿ ಅವನು ನನಗೆ ಏನೂ ಆಗಬೇಕಿರಲಿಲ್ಲ. ಊರಿನ ಲೆಕ್ಕದಲ್ಲಿ ಮಾವ, ಅಷ್ಟೆ.

ಬೆಳೆ ಮುಗಿದು ತೂಬು ಮುಚ್ಚುವ ದಿನ ಅವನನ್ನು ನೋಡಬೇಕಿತ್ತು. ಜೇಡಿಮಣ್ಣು ನೆನೆಹಾಕಿ ಅರ್ಧ ದಿನ ಕಾಲಲ್ಲಿ ತುಳಿಯುತ್ತಿದ್ದ. ಮಣ್ಣು ರಾಗಿಮುದ್ದೆಯ ಹದಕ್ಕೆ ಬಂದ ಮೇಲೆ ಕಲ್ಲಿನ ಸಂದುಸಂದಿಗೆ ಹೆಬ್ಬೆಟ್ಟಿನಿಂದ ಒತ್ತಿ ಒತ್ತಿ ತುಂಬುತ್ತಿದ್ದ. ಆಮೇಲೆ ತೂಬಿನ ಆಚೆ ಕಡೆಗೆ ಬಂದು ನೆಲಕ್ಕೆ ಕಿವಿ ಇಟ್ಟು ಮಲಗುತ್ತಿದ್ದ. ಜಿನುಗುವ ಸದ್ದು ಕೇಳಿದರೆ ಮತ್ತೆ ಎದ್ದು ಮೊದಲಿಂದ ಶುರು. "ಕೆರೆ ಕಾಯೋದು ಅಂದ್ರೆ ದೊಡ್ ತೂತು ಮುಚ್ಚೋದಲ್ಲ ಕಣಮ್ಮ. ದೊಡ್ ತೂತು ಕುರುಡನಿಗೂ ಕಾಣ್ತೈತೆ. ಸಣ್ಣದು ಕಳ್ಳ ನನ್ಮಗಂದು" ಎನ್ನುತ್ತಿದ್ದ. ಅವನು ಮುಚ್ಚಿದ ತೂಬಿನ ಕೆಳಗೆ ಬೇಸಿಗೆಯಲ್ಲಿ ಒಂದು ಹುಲ್ಲೂ ಹಸಿರಾಗಿರುತ್ತಿರಲಿಲ್ಲ.

ನನಗೆ ಎಂಟೋ ಒಂಬತ್ತೋ ವರ್ಷ. ಕಾಲುವೆ ಬದುವಿನ ಮೇಲೆ ಆಡುತ್ತಾ, ಕಾಗದದ ದೋಣಿ ಬಿಡಲಿಕ್ಕೆಂದು ಬದುವನ್ನು ಕಾಲಿಂದ ಒಡೆದಿದ್ದೆ. ನೀರೆಲ್ಲ ಪಕ್ಕದ ಬೀಳು ಹೊಲಕ್ಕೆ ನುಗ್ಗಿತು. ಮಾವ ಎಲ್ಲಿಂದ ಬಂದನೋ, ನನ್ನ ರಟ್ಟೆ ಹಿಡಿದು ಎತ್ತಿ, ಆ ಒಡಕಿನೊಳಗೆ ಬೆನ್ನು ಕೊಟ್ಟು ಕೂರಿಸಿಬಿಟ್ಟ. "ನೀನೇ ಒಡೆದಿದ್ದು, ನೀನೇ ಮುಚ್ಕೊಂಡಿರು. ನಾನು ಮಣ್ಣು ತರೋಗಂಟ ಅಲ್ಲಾಡಿದ್ರೆ ನೋಡು" ಎಂದು ಹೋದ. ಸೊಂಟದವರೆಗೆ ನೀರಲ್ಲಿ ಕೂತು ನಾನು ಮೊದಲು ಅತ್ತೆ, ಆಮೇಲೆ ನಗು ಬಂತು, ಆಮೇಲೆ ಚಳಿ. ಅವನು ಮಣ್ಣು ಹೊತ್ತು ತಂದು ಮುಚ್ಚಿ, ನನ್ನ ಲಂಗ ಹಿಂಡಿಕೊಟ್ಟು, ಹಿಂಡಿದ ಆ ನೀರನ್ನೂ ಒಂದು ಬದನೆ ಗಿಡದ ಬುಡಕ್ಕೇ ಬಿಟ್ಟ. ನಾನು ಮನೆಗೆ ಹೋಗಿ ಅಪ್ಪನಿಗೆ ದೂರು ಹೇಳಿದರೆ ಅಪ್ಪ ನನಗೇ ಎರಡು ಬಿಟ್ಟರು.

ಮುಂದೆ ನಾನು ಟೀಚರಾದೆ. ಮೊದಲು ಹಾಕಿದ್ದು ನಮ್ಮ ಕಡೆಯಲ್ಲ, ಕುಮಟಾ ಹತ್ತಿರ ಹೊಳೆ ಸಮುದ್ರ ಸೇರುವ ಕಡೆಯ ಒಂದು ಹಳ್ಳಿಗೆ. ಅಲ್ಲಿ ಹೊಳೆಯ ಪಕ್ಕದಲ್ಲೇ ಸುತ್ತ ಒಡ್ಡು ಕಟ್ಟಿದ ದೊಡ್ಡ ಬಯಲಿತ್ತು. ಗಜನಿ ಎನ್ನುತ್ತಿದ್ದರು. ಒಡ್ಡಿಗೊಂದು ಬಾಗಿಲು, ಅದರ ಮೂಲಕ ಸಮುದ್ರದ ಉಪ್ಪುನೀರು ಉಬ್ಬರದಲ್ಲಿ ಒಳಗೆ ಬಂದು ಇಳಿತದಲ್ಲಿ ಹೊರಗೆ ಹೋಗಬೇಕು. ಹಿಂದೊಮ್ಮೆ ಯಾರೋ ಹೊರಗಿನವರು ಸಿಗಡಿ ಸಾಕುತ್ತೇವೆಂದು ಆ ಬಾಗಿಲು ಮುಚ್ಚಿ, ಏನೇನೋ ಔಷಧಿ ಸುರಿದು, ಲಾಭ ನಿಂತ ಮೇಲೆ ಬಿಟ್ಟುಹೋಗಿದ್ದರು. ಒಳಗಿನ ನೀರು ಕೊಳೆತು ಕಪ್ಪಾಗಿತ್ತು. ಉಪ್ಪುನೀರಲ್ಲೇ ಬೆಳೆಯುವ ಕಾಂಡ್ಲಾ ಗಿಡಗಳು ಒಣಗಿ ನಿಂತಿದ್ದವು. ಹೊಳೆಯಲ್ಲಿ ಮೀನು, ಚಿಪ್ಪುಮೀನು ಎರಡೂ ಕಡಿಮೆಯಾಗಿದ್ದವು.

ಊರವರೇ ಸೇರಿ ಅದನ್ನು ಸರಿ ಮಾಡಲು ಹೊರಟಿದ್ದರು. ಮುಂದೆ ನಿಂತವಳು ದೇವಕ್ಕ ಎಂಬ ಮೀನು ಮಾರುವ ಹೆಂಗಸು. ಭಾನುವಾರ ಬಂತೆಂದರೆ ಮನೆಗೊಬ್ಬರಂತೆ ಕೆಸರಿಗಿಳಿದು ಹರಿದ ಬಲೆ, ಪ್ಲಾಸ್ಟಿಕ್ಕು ಎಳೆದು ಹಾಕುತ್ತಿದ್ದರು. ಬಾಗಿಲು ತೆರೆದರು. ಕಾಂಡ್ಲಾ ಸಸಿ ಸಾಲಾಗಿ ನೆಟ್ಟರು. ನನ್ನ ಶಾಲೆಯ ಮಕ್ಕಳೂ ನೆಟ್ಟರು, ನಾನೂ ಸೀರೆ ಎತ್ತಿ ಕಟ್ಟಿ ನೆಟ್ಟೆ. ಒಂದು ವರ್ಷದಲ್ಲಿ ಸಣ್ಣ ಮೀನು ಮರಿಗಳು ಒಳಗೆ ಬರತೊಡಗಿದವು. ಆದರೆ ಬಾಗಿಲಿನ ತಳದ ಕಲ್ಲುಗಳ ಸಂದಿನಿಂದ ನೀರು ಕೊರೆದು ಒಡ್ಡೇ ಕುಸಿಯುವ ಹಾಗಾಯಿತು. ಸಿಮೆಂಟು ಹಾಕಿಸಿದರು, ಎರಡೇ ತಿಂಗಳಲ್ಲಿ ಎದ್ದುಹೋಯಿತು. ಒಡ್ಡು ಹೋದರೆ ಸಸಿಗಳೆಲ್ಲ ಕೊಚ್ಚಿಕೊಂಡು ಹೋಗುತ್ತವೆ ಎಂದು ದೇವಕ್ಕ ತಲೆ ಮೇಲೆ ಕೈ ಹೊತ್ತು ಕೂತಳು. ನಾನು ಸುಮ್ಮನಿರಬಹುದಿತ್ತು. ಇರಲಿಲ್ಲ. "ನಮ್ಮೂರಲ್ಲೊಬ್ಬ ಇದ್ದಾನೆ, ಅವನು ಮಣ್ಣು ಮೆತ್ತಿದರೆ ಇರುವೆಯೂ ನುಸುಳುವುದಿಲ್ಲ, ಕರೆಸುತ್ತೇನೆ ಬಿಡಿ" ಎಂದು ಎದೆಯುಬ್ಬಿಸಿ ಹೇಳಿದೆ.

ಮೇ ತಿಂಗಳ ರಜೆಯಲ್ಲಿ ಊರಿಗೆ ಬಂದು ಮಾವನನ್ನು ಕರೆದುಕೊಂಡು ಹೋದೆ. ಅವನು ಅದಕ್ಕೆ ಮೊದಲು ಸಿರಾದಿಂದ ಆಚೆಗೆ ಹೋದವನಲ್ಲ. ಘಟ್ಟ ಇಳಿಯುವಾಗ ಪಕ್ಕದಲ್ಲಿ ಹರಿಯುತ್ತಿದ್ದ ತೊರೆಗಳನ್ನು ನೋಡಿ ಕಿಟಕಿಗೆ ಹಣೆ ಒತ್ತಿ ಕೂತುಬಿಟ್ಟ. "ಇಷ್ಟೂ ನೀರ್ಗೆ ಯಾರೂ ದಿಕ್ಕಿಲ್ವಾ?" ಎಂದು ಕೇಳಿದ. ನನಗೆ ನಗು ಬಂತು. ಆ ಪ್ರಶ್ನೆಯನ್ನು ನಾನು ಅವತ್ತೇ ಸರಿಯಾಗಿ ಕಿವಿಗೆ ಹಾಕಿಕೊಳ್ಳಬೇಕಿತ್ತು.

ಕೆಲಸಕ್ಕೇನೂ ಕೊರತೆ ಮಾಡಲಿಲ್ಲ. ಎರಡು ದಿನ ಅಲ್ಲಿಯ ಮಣ್ಣನ್ನು ಮೂಸಿ, ನಾಲಿಗೆಗೆ ಹಚ್ಚಿ, ಬೇಡವೆಂದು ಗುಡ್ಡದ ಕಡೆಯಿಂದ ಬೇರೆ ಮಣ್ಣು ತರಿಸಿದ. ತುಳಿದ. ನೀರು ಇಳಿದಿರುವ ಹೊತ್ತು ನೋಡಿ ಕಲ್ಲಿನ ಸಂದುಗಳನ್ನು ತುಂಬಿದ. ದೇವಕ್ಕನ ಕಡೆಯವರೆಲ್ಲ ಸುತ್ತ ನಿಂತು ನೋಡಿದರು. ಬಾಗಿಲಿನ ಎರಡೂ ಕಡೆ ಕಲ್ಲಿನಲ್ಲಿ ಉದ್ದಕ್ಕೆ ಕಚ್ಚು ಕೊರೆದಿತ್ತು, ಅದರಲ್ಲಿ ಮರದ ಹಲಗೆ ಇಳಿಸಬಹುದಿತ್ತು. ಹಲಗೆಗಳನ್ನು ಪಕ್ಕದಲ್ಲಿ ಪೇರಿಸಿಟ್ಟಿದ್ದರು. ದೊಡ್ಡ ಗಾಳಿಮಳೆಗೆ ಮಾತ್ರ ಅವನ್ನು ಹಾಕುವುದೆಂದು ದೇವಕ್ಕ ತನ್ನ ಮಾತಿನಲ್ಲಿ ಹೇಳಿದಳು, ಮಾವ ತಲೆ ಆಡಿಸಿದ. ಅವಳ ಕನ್ನಡ ಇವನಿಗೆ ಅರ್ಧ ತಿಳಿಯುತ್ತಿರಲಿಲ್ಲ, ಇವನದು ಅವಳಿಗೆ ಮುಕ್ಕಾಲು ತಿಳಿಯುತ್ತಿರಲಿಲ್ಲ. ಚಂದ್ರ, ಸಮುದ್ರ, ಉಬ್ಬರ, ಇಳಿತ ಎಂದು ಪ್ರತಿ ವರ್ಷ ಬೋರ್ಡಿನ ಮೇಲೆ ಚಿತ್ರ ಬರೆಯುವ ನನಗೆ, ಇದನ್ನು ಮಾವನಿಗೂ ಒಂದು ಮಾತು ಹೇಳಬೇಕೆಂದು ಹೊಳೆಯಲೇ ಇಲ್ಲ.

ಮಾವ ತನ್ನ ಕಣ್ಣಿಂದ ನೋಡಿದ್ದು ಇಷ್ಟು. ದಿನಾ ಈ ಕೆರೆ ತುಂಬುತ್ತದೆ. ದಿನಾ ಬಾಗಿಲ ಮೂಲಕ ಪೂರ್ತಿ ಖಾಲಿಯಾಗುತ್ತದೆ. ಹಲಗೆ ಪಕ್ಕದಲ್ಲೇ ಬಿದ್ದಿದೆ. ಇಳಿಸುವವರು ಒಬ್ಬರೂ ಇಲ್ಲ. ಉಪ್ಪಾದರೂ ಅವನಿಗೆ ನೀರು ನೀರೇ.

ಶುಕ್ರವಾರ ಊರಿಗೆ ಊರೇ ಹೊಳೆಯಾಚೆ ಒಂದು ಮದುವೆಗೆ ಹೋಯಿತು. ಹೊಳೆ ದಾಟಿ ಹೋದವರು ಭಾನುವಾರದವರೆಗೆ ಬರುವುದಿಲ್ಲವೆಂದು ಹೇಳಿಯೇ ಹೋಗಿದ್ದರು. ಅವತ್ತು ಮಧ್ಯಾಹ್ನ ಗಜನಿ ತುಂಬಿ ನಿಂತಾಗ ಮಾವ ಒಬ್ಬನೇ ಹೋಗಿ ಹಲಗೆಗಳನ್ನು ಒಂದರ ಮೇಲೊಂದು ಇಳಿಸಿ, ಉಳಿದ ಜೇಡಿಮಣ್ಣನ್ನೆಲ್ಲ ಸಂದಿಗೆ ತುಂಬಿ ಬಂದಿದ್ದ. ನನಗೆ ಹೇಳಲಿಲ್ಲ. ಎಲ್ಲರೂ ಬಂದು ತುಂಬಿದ ನೀರು ನೋಡಿ ಬೆರಗಾಗಲಿ ಎಂದು ಗುಟ್ಟಾಗಿ ಇಟ್ಟುಕೊಂಡಿದ್ದ. ಶನಿವಾರ, ಭಾನುವಾರ ನಾನು ಅವನನ್ನು ಗೋಕರ್ಣಕ್ಕೆ ಕರೆದುಕೊಂಡು ಹೋದೆ. ದೇವರ ದರ್ಶನದ ಸಾಲಿನಲ್ಲಿ ನಿಂತಾಗಲೂ, ಬಸ್ಸಿನಲ್ಲಿ ಕೂತಾಗಲೂ ತನ್ನಷ್ಟಕ್ಕೆ ನಗುತ್ತಿದ್ದ. ಯಾಕೆ ಮಾವ ಎಂದರೆ "ಬುಡು, ಸೋಮ್ವಾರ ಗೊತ್ತಾಯ್ತೈತೆ" ಎಂದ.

ಸೋಮವಾರ ಬೆಳಿಗ್ಗೆ ಗೊತ್ತಾಯಿತು. ಶಾಲೆಯ ತಿರುವಿನಲ್ಲೇ ವಾಸನೆ ಬಡಿಯಿತು. ಒಡ್ಡಿನ ಮೇಲೆ ಇಪ್ಪತ್ತು ಮೂವತ್ತು ಜನ ನಿಂತಿದ್ದರು. ಗುಂಪು ನೋಡಿ ಮಾವನ ಮುಖ ಅರಳಿತು. ತನ್ನನ್ನು ಹೊಗಳಲಿಕ್ಕೇ ಸೇರಿದ್ದಾರೆ ಎಂದುಕೊಂಡ. "ಹಲಗೆ ಹಾಕಿದ್ದು ಯಾರು?" ಎಂದು ಒಬ್ಬ ಗಟ್ಟಿಯಾಗಿ ಕೇಳಿದ. ಮಾವ ಟವೆಲ್ ಸರಿಮಾಡಿಕೊಂಡು ಮುಂದೆ ಹೋಗಿ "ನಾನೇ ಕಣಪ್ಪ. ಒಂದು ತೊಟ್ಟು ಆಚೆಗೆ ಹೋಗಿಲ್ಲ, ನೋಡ್ಕೊಳ್ಳಿ" ಎಂದ.

ಆಮೇಲೆ ಅವನು ನೀರಿನ ಕಡೆ ನೋಡಿದ. ನೀರು ತುಂಬಿತ್ತು, ಅವನು ಬಿಟ್ಟುಹೋದಷ್ಟೇ. ಮೇಲೆ ಬೆಳ್ಳಗೆ ಮೀನು ಮರಿಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಬೆರಳುದ್ದದವು, ಉಗುರಿನಷ್ಟು ಚಿಕ್ಕವು, ಎಣಿಸಲಾಗದಷ್ಟು. ಅಂಚಿನಲ್ಲಿ ಏಡಿಗಳು ಸತ್ತು ಸಾಲಾಗಿ ಬಿದ್ದಿದ್ದವು. ಮೇ ತಿಂಗಳ ಬಿಸಿಲಿಗೆ ನಿಂತ ನೀರು ಕಾದು ಉಸಿರುಗಟ್ಟಿತ್ತು. ಸಸಿಗಳು ಕಾಣುತ್ತಲೇ ಇರಲಿಲ್ಲ, ಎಲ್ಲ ಮುಳುಗಿದ್ದವು. ನನ್ನ ಶಾಲೆಯ ಮಕ್ಕಳು ಒಂದೊಂದಕ್ಕೆ ತಮ್ಮ ಹೆಸರಿನ ಚೀಟಿ ಕಟ್ಟಿದ್ದರು.

ಹಲಗೆ ತೆಗೆಯಲು ಹೋದರೆ ಬರಲಿಲ್ಲ. ನಾಲ್ಕು ಜನ ಹಾರೆ ಹಾಕಿ ಮೀಟಿದರೂ ಅಲ್ಲಾಡಲಿಲ್ಲ, ಅಷ್ಟು ಚೆನ್ನಾಗಿ ಮೆತ್ತಿದ್ದ. ಕೊನೆಗೆ ಮಾವನೇ ಆ ನೀರಿಗಿಳಿದು, ತಾನು ತುಂಬಿದ ಮಣ್ಣನ್ನು ತಾನೇ ಬೆರಳಿಂದ ಕೆತ್ತಿ ಕೆತ್ತಿ ತೆಗೆದ. ಸತ್ತ ಮರಿಗಳು ಅವನ ಎದೆಗೆ, ಕುತ್ತಿಗೆಗೆ ಬಂದು ಅಂಟಿಕೊಳ್ಳುತ್ತಿದ್ದವು. ಕೊನೆಯ ಹಲಗೆ ಎದ್ದಾಗ ಮಧ್ಯಾಹ್ನವಾಗಿತ್ತು, ಅವನ ಎರಡು ಉಗುರು ಕಿತ್ತುಹೋಗಿದ್ದವು.

ಹುಡುಗರು ಬೈದರು, ಬೈಯಲಿಕ್ಕೆ ಕಾರಣವಿತ್ತು. ದೇವಕ್ಕ ಮಾತ್ರ ಒದ್ದೆ ಬಟ್ಟೆಯಲ್ಲೇ ಕೂತಿದ್ದ ಮಾವನ ಎದುರು ಬಂದು ಕೂತಳು.

"ಅಜ್ಜ, ನಿಮ್ಮೂರಲ್ಲಿ ನೀರು ಹೋದ್ರೆ ತಿರುಗಿ ಬರೂದಿಲ್ವಾ?" ಎಂದು ಕೇಳಿದಳು.

"ಇಲ್ಲ ಕಣವ್ವ. ಹೋದ್ರೆ ಹೋಯ್ತು. ಮುಂದಿನ್ ವರ್ಸ ಬಂದ್ರೆ ಬಂತು, ಇಲ್ದಿದ್ರೆ ಇಲ್ಲ."

"ಇಲ್ಲಿ ದಿನಕ್ಕೆ ಎರಡು ಸಲ ಬರ್ತದೆ. ಹೋಗ್ಬೇಕು ಅಜ್ಜ, ಹೋದ್ರೇ ಬರೂದು. ಮರಿಗಳು ಇಲ್ಲಿ ಬೆಳೆದು ಕಡಲಿಗೆ ಹೋಗೂದು. ಮೇಲಿನೂರವ್ರು ಹೊಳೆನೀರು ಬಿಟ್ರೆ, ಸಿಹಿ ಉಪ್ಪು ಬೆರೆತ್ರೆ, ಆಗ ಅವು ಬರೂದು. ಅವ್ರು ಕಟ್ಟಿಹಾಕಿದ್ರೂ ನಮಗೆ ಇದೇ ಗತಿ."

ಮಾವ ತಲೆ ಎತ್ತಲಿಲ್ಲ. "ನಮಗೆ ಯಾರೂ ಹೇಳ್ಲಿಲ್ಲ ಕಣವ್ವ" ಎಂದ. ನನ್ನ ಕಡೆ ಬೆರಳು ತೋರಿಸಲಿಲ್ಲ. ತೋರಿಸಬಹುದಿತ್ತು.

ಮತ್ತೆ ಹನ್ನೆರಡು ದಿನ ಅಲ್ಲೇ ಉಳಿದ. ಬೇಡವೆಂದರೂ ಕೇಳದೆ, ಇಳಿತದ ಹೊತ್ತಿಗೆ ಕೆಸರಿಗಿಳಿದು, ಬದುಕಿದ ಸಸಿಗಳನ್ನು ನೆಟ್ಟಗೆ ನಿಲ್ಲಿಸಿ, ಸತ್ತ ಕಡೆ ಹೊಸದು ನೆಟ್ಟ. ಮಕ್ಕಳ ಹೆಸರಿನ ಚೀಟಿಗಳನ್ನು ಹುಡುಕಿ ತೊಳೆದು ಒಣಗಿಸಿ ತಂದುಕೊಟ್ಟ. ಊಟ ಸರಿಯಾಗಿ ಮಾಡುತ್ತಿರಲಿಲ್ಲ. ದಿನಾ ಬಾಗಿಲ ಪಕ್ಕ ಕೂತು ನೀರು ಬರುವುದನ್ನು, ಹೋಗುವುದನ್ನು ನೋಡುತ್ತಿದ್ದ. ಒಂದು ದಿನ ನನ್ನನ್ನು ಕರೆದು ಕೇಳಿದ.

"ಅಮ್ಮಯ್ಯ, ನಮ್ ಕೆರೆ ಕೋಡಿ ಬಿದ್ರೆ ಆ ನೀರು ಇಲ್ಲಿಗೇ ಬರ್ತೈತಾ?"

ಕೆರೆ ತುಂಬಿ ಹೆಚ್ಚಾದ ನೀರು ಹರಿದುಹೋಗುವ ಜಾಗಕ್ಕೆ ನಮ್ಮಲ್ಲಿ ಕೋಡಿ ಎನ್ನುತ್ತೇವೆ. "ಇಲ್ಲ ಮಾವ, ನಮ್ಮದು ಕೆಳಗಿನ ಕೆರೆಗೆ ಹೋಗಿ, ಜಯಮಂಗಲಿ ಸೇರಿ, ಪಿನಾಕಿನಿ ಸೇರಿ, ಆಂಧ್ರದ ಕಡೆ ಮೂಡಲ ಸಮುದ್ರಕ್ಕೆ ಹೋಗುತ್ತದೆ" ಎಂದೆ.

"ಅಲ್ಲೂ ಇಂಥ ಹೆಣ್ಮಗಳು ಒಬ್ಳು ಕಾಯ್ತಾ ಕುಂತಿರ್ತಾಳಲ್ವಾ?" ಎಂದ.

ವಾಪಸು ಹೊರಡುವ ದಿನ ಕುಮಟಾ ಪೇಟೆಯಲ್ಲಿ ನಾನೊಂದು ಶಾಲು ಕೊಂಡೆ. ಕೆಂಪು ಅಂಚಿನ ಬಿಳಿ ಶಾಲು. "ಇದ್ಯಾಕಮ್ಮ?" ಎಂದ. "ಚಳಿಗೆ" ಎಂದೆ. "ಮೇ ತಿಂಗ್ಳಲ್ಲಿ ಮಧುಗಿರೀಲಿ ಚಳೀನಾ?" ಎಂದು ನನ್ನ ಮುಖ ನೋಡಿದ. ಬಸ್ಸಿನಲ್ಲಿ ನಾನು ಅವನಿಗೆ, ಊರಲ್ಲಿ ಆ ವಿಷಯ ಎತ್ತಬೇಡ ಎಂದು ಮೂರು ನಾಲ್ಕು ಸಲ ಹೇಳಿದೆ. ಅವನು ಕಿಟಕಿಯಾಚೆಯೇ ನೋಡುತ್ತಾ ಕೂತಿದ್ದ. ನಮ್ಮೂರ ಗೇಟಿನ ಸ್ಟಾಪಿನಲ್ಲಿ ಇಳಿದಾಗ ಟೀ ಅಂಗಡಿಯ ಮುಂದೆ ಹತ್ತು ಜನ ಕೂತಿದ್ದರು. "ಹೆಂಗಾಯ್ತಪ್ಪ ಕ್ಯಾತಪ್ಪ, ಸಮುದ್ರದ ತೂಬು?" ಎಂದು ಯಾರೋ ಕೇಳಿದರು. ಮಾವ ಬಾಯಿ ತೆರೆಯುವ ಮೊದಲೇ ನಾನು "ಕೇಳ್ತೀರಾ, ಊರೆಲ್ಲ ಸೇರಿ ಶಾಲು ಹೊದಿಸಿ ಕಳಿಸಿದ್ದಾರೆ" ಎಂದು ಬ್ಯಾಗಿನಿಂದ ಶಾಲು ತೆಗೆದು ಅವನ ಹೆಗಲಿಗೆ ಹಾಕಿದೆ. ಎಲ್ಲರೂ ಹೋ ಎಂದರು. ಮಾವ ನನ್ನನ್ನು ಒಂದು ಸಲ ನೋಡಿ, ಶಾಲನ್ನು ಮಡಿಸಿ ಕಂಕುಳಲ್ಲಿಟ್ಟುಕೊಂಡು ಮನೆಗೆ ಹೋದ. ಆ ಶಾಲನ್ನು ಅವನು ಒಂದು ದಿನವೂ ಹೊದೆಯಲಿಲ್ಲ.

ಅವನ ಮಾನ ಉಳಿಸಿದೆ ಎಂದುಕೊಂಡಿದ್ದೆ. ಅವನನ್ನು ಕರೆದುಕೊಂಡು ಹೋದವಳು ನಾನು, ಪಾಠ ಹೇಳದೆ ಬಿಟ್ಟವಳು ನಾನು. ಯಾರ ಮಾನ ಎನ್ನುವುದನ್ನು ನಾನು ಕೇಳಿಕೊಳ್ಳಲಿಲ್ಲ.

ನಾಲ್ಕು ವರ್ಷದ ಮೇಲೆ ನನಗೆ ನಮ್ಮ ಕಡೆಗೇ ವರ್ಗವಾಯಿತು. ಆಮೇಲೊಂದು ವರ್ಷ, ಯಾರೂ ನಿರೀಕ್ಷೆ ಮಾಡದ ಮಳೆ ಬಂತು. ನಾನು ಲಂಗ ಹಾಕುತ್ತಿದ್ದ ಕಾಲದ ಮೇಲೆ ಮೊದಲ ಸಲ ನಮ್ಮ ಕೆರೆ ಅಂಚಿನವರೆಗೆ ತುಂಬಿತು. ಜನ ಕುಣಿದಾಡಿದರು. ಕೋಡಿಯ ಮೇಲೆ ಮರಳಿನ ಮೂಟೆ ಜೋಡಿಸಿ ಇನ್ನೂ ಎರಡು ಅಡಿ ನೀರು ನಿಲ್ಲಿಸೋಣ, ಒಂದು ತೊಟ್ಟೂ ಕೆಳಗೆ ಬಿಡುವುದು ಬೇಡ ಎಂದು ತೀರ್ಮಾನಿಸಿದರು. ಮುಂದಾಳತ್ವ ನನ್ನ ತಮ್ಮ ನಾಗರಾಜನದು. ಅವನ ತೋಟ ಕೆರೆಯ ಅಂಚಿನಲ್ಲೇ ಇದೆ. ನನ್ನ ಪಾಲಿನದೂ ಅದರಲ್ಲೇ ಇದೆ.

ನೀರಿನ ವಿಷಯ ಎಂದ ಮೇಲೆ ಕ್ಯಾತಪ್ಪ ಮಾವನೇ ಮುಂದೆ ನಿಂತು ಮೂಟೆ ಹೊರಿಸುತ್ತಾನೆ ಎಂದು ಎಲ್ಲರೂ ತಿಳಿದಿದ್ದರು. ಬೆಳಿಗ್ಗೆ ಎಂಟು ಗಂಟೆಗೆ ಹೋಗಿ ನೋಡಿದರೆ, ಹಿಂದಿನ ದಿನ ಜೋಡಿಸಿದ ಮೂಟೆಗಳನ್ನು ಮಾವ ಒಬ್ಬನೇ ಎಳೆದೆಳೆದು ಪಕ್ಕಕ್ಕೆ ಹಾಕುತ್ತಿದ್ದ. ನೀರು ಕೋಡಿಯ ಕಲ್ಲಿನ ಮೇಲೆ ತೆಳ್ಳಗೆ ಹರಿದು ಕೆಳಗೆ ಹೋಗುತ್ತಿತ್ತು. ಬಸ್ಸು ನಿಲ್ಲಿಸಿ ನಲ್ಲಿ ಕಟ್ಟುತ್ತಿದ್ದವನು, ನನ್ನನ್ನೇ ಬದುವಿಗೆ ಬಿರಡೆ ಹಾಕಿದವನು, ತುಂಬಿದ ಕೆರೆಯಿಂದ ನೀರು ಬಿಡುತ್ತಿದ್ದಾನೆ. ಜನ ದಂಗಾಗಿ ನಿಂತರು.

ಏರಿಯ ಮೇಲೆಯೇ ಪಂಚಾಯ್ತಿ ಸೇರಿತು. "ತಲೆ ಕೆಟ್ಟೈತಾ ಕ್ಯಾತಪ್ಪಣ್ಣ?" ಎಂದು ನಾಗರಾಜ ಕೂಗಿದ.

"ಕೆಟ್ಟಿಲ್ಲ ಕಣಪ್ಪ. ನಮ್ಗೆ ಬೇಕಾದಷ್ಟು ತುಂಬೈತೆ. ಕೋಡಿ ಕಲ್ಲು ಇಟ್ಟೋರು ದಡ್ಡರಲ್ಲ. ಇದ್ರ ಮೇಲಿಂದು ಕೆಳಗಿನ್ ಕೆರೇದು. ಅದರ್ ಮೇಲಿಂದು ಹೊಳೇದು. ಹೊಳೆ ಸಮುದ್ರಕ್ಕೆ ಹೋಗ್ಬೇಕು."

"ಸಮುದ್ರಕ್ಕೆ ನೀರು ಕಮ್ಮಿ ಬಿದ್ದೈತೇನಣ್ಣ?" ಎಂದ ಒಬ್ಬ. ಎಲ್ಲರೂ ನಕ್ಕರು.

ಮಾವ ನಗಲಿಲ್ಲ. ಮನೆಯಿಂದ ಮೊದಲೇ ತಂದಿದ್ದನೋ ಏನೋ, ಏರಿಯ ಕಲ್ಲಿನ ಮೇಲಿಟ್ಟಿದ್ದ ಗಂಟು ಬಿಚ್ಚಿ ಆ ಶಾಲು ತೆಗೆದ. ಮಡಿಕೆ ಇನ್ನೂ ಹಾಗೇ ಇತ್ತು.

"ಇದನ್ನ ಸಮುದ್ರದೋರು ಹೊದ್ಸಿದ್ರು ಅಂತ ನೀವೆಲ್ಲ ತಿಳ್ಕೊಂಡಿದ್ದೀರಿ. ಹೊದ್ಸಿಲ್ಲ. ಇಂಗೇ ನೀರು ಕಟ್ಟಾಕಿ ನಾನು ಅವರ ಮೀನು, ಗಿಡ ಎಲ್ಲ ಸಾಯ್ಸಿಬುಟ್ಟೆ. ಲಕ್ಷಗಟ್ಲೆ ಜೀವ ಕಣ್ರಪ್ಪ. ನನ್ ಕಣ್ಣಲ್ಲಿ ನೋಡಿವ್ನಿ. ಆ ಪಾಪ ಇನ್ನೊಂದು ಸಲ ನನ್ ಕೈಲಿ ಮಾಡಿಸ್ಬ್ಯಾಡಿ. ನನ್ ಮಾತು ನಂಬ್ದಿದ್ರೆ ಟೀಚರಮ್ಮ ಇಲ್ಲೇ ಅವ್ಳೆ. ಅವ್ಳೂ ಅಲ್ಲಿದ್ಲು. ಕೇಳಿ."

ಇಡೀ ಊರು ನನ್ನ ಕಡೆ ತಿರುಗಿತು. ಮಾವನೂ ತಿರುಗಿದ. ಅವನ ಮುಖದಲ್ಲಿ ಅನುಮಾನವೇ ಇರಲಿಲ್ಲ. ನಾನು ಹೌದು ಎಂದರೆ ಮೂಟೆಗಳು ಕೆಳಗಿಳಿಯುತ್ತಿದ್ದವು. ನಾನು ಓದಿದವಳು, ನನ್ನ ಮಾತಿಗೆ ಅಷ್ಟು ಬೆಲೆ ಇತ್ತು. ನಾಗರಾಜ ಕ್ಷಣಕಾಲ ನನ್ನನ್ನೇ ನೋಡಿದ. ಎಲ್ಲರ ಎದುರು ಟೀ ಅಂಗಡಿಯ ಮುಂದೆ ನಾನು ಹೇಳಿದ್ದ ಸುಳ್ಳು ನೆನಪಾಯಿತು. ಮಾವನ ಮರ್ಯಾದೆ ಹೋಗುತ್ತದೆ ಎಂದು ಕೂಡ ಅನಿಸಿತು, ಇಲ್ಲವೆನ್ನುವುದಿಲ್ಲ.

"ಇಲ್ಲ, ಅಂಥದ್ದೇನೂ ನಡೆಯಲಿಲ್ಲ. ಶಾಲು ಅವರೇ ಹೊದಿಸಿದ್ದು. ಮಾವನಿಗೆ ವಯಸ್ಸಾಯಿತು, ಏನೇನೋ ಹೇಳುತ್ತಿದ್ದಾನೆ" ಎಂದೆ.

ನನ್ನ ಬಾಯಿಂದ ಬಂದ ಮಾತು ನನಗೇ ಕೇಳಿಸಿತು. ತಿದ್ದಿಕೊಳ್ಳಲು ಹೊತ್ತಿತ್ತು. ತಿದ್ದಿಕೊಳ್ಳಲಿಲ್ಲ.

ಮಾವ ಕೋಪ ಮಾಡಿಕೊಳ್ಳಲಿಲ್ಲ. ಶಾಲನ್ನು ಅದೇ ಮಡಿಕೆಗೆ ಮಡಿಸಿ ಗಂಟು ಕಟ್ಟಿದ. ಮನೆಗೆ ಹೋಗಿ ತೂಬಿನ ಸಲಾಕೆ ತಂದು, ಯಾರ ಕೈಗೂ ಕೊಡದೆ ಏರಿಯ ಮೇಲೆ ಮಲಗಿಸಿ ಹೋದ. ಅದರ ಮೇಲೆ ಹಬ್ಬದ ಕುಂಕುಮ ಒಣಗಿಕೊಂಡು ಇನ್ನೂ ಇತ್ತು. ಮೂರು ತಲೆಮಾರಿನ ನೀರುಗಂಟಿತನ ಅಲ್ಲಿಗೆ ಮುಗಿಯಿತು. ಮಧ್ಯಾಹ್ನದೊಳಗೆ ಮೂಟೆಗಳು ವಾಪಸು ಕೋಡಿಯ ಮೇಲೆ ಬಂದವು. ಆ ವರ್ಷ ಕೆಳಗಿನ ಕೆರೆ ಅರ್ಧವೂ ತುಂಬಲಿಲ್ಲ.

ಆಮೇಲೆ ಎರಡು ವರ್ಷ ನಾನು ಅವನ ಬೀದಿಯಲ್ಲಿ ಹೋಗುವುದನ್ನೇ ಬಿಟ್ಟೆ. ಅವನಿಗೆ ಉಸಿರಾಟದ ತೊಂದರೆ ಹೆಚ್ಚಾಗಿದೆ ಎಂದು ಕೇಳಿ ಒಂದು ಮಧ್ಯಾಹ್ನ ಧೈರ್ಯ ಮಾಡಿ ಹೋದೆ. ಪುಟ್ಟಮ್ಮತ್ತೆ ಚಾಪೆ ಹಾಸಿ, ನೀರು ಕೊಟ್ಟು, ಹಿತ್ತಲಿಗೆ ಹೋದಳು. ದೇವರ ಮೂಲೆಯಲ್ಲಿ ಸಲಾಕೆ ಒರಗುತ್ತಿದ್ದ ಗೋಡೆ ಆ ಉದ್ದಕ್ಕೂ ಮಾಸಿಹೋಗಿತ್ತು. ಮಾವ ದಿಂಬಿಗೆ ಒರಗಿ ಕೂತಿದ್ದ.

"ಆ ದೇವಕ್ಕ ಹೆಂಗವ್ಳೆ?" ಎಂದು ಕೇಳಿದ ಮೊದಲು.

"ಫೋನು ಮಾಡಿದ್ದಳು ಮಾವ. ನೀನು ನೆಟ್ಟ ಸಸಿಗಳು ಎದೆಮಟ್ಟ ಬಂದಿವೆಯಂತೆ. ಬುಡದಲ್ಲಿ ಏಡಿ, ಮೀನು ಎಲ್ಲ ಇದೆಯಂತೆ. ನೀನು ಮೆತ್ತಿದ ಕಲ್ಲುಸಂದು ಇನ್ನೂ ಗಟ್ಟಿಯಾಗಿದೆಯಂತೆ."

ಅವನು ಕಣ್ಣು ಮುಚ್ಚಿ ನಕ್ಕ. ನನಗೆ ತಡೆಯಲಾಗಲಿಲ್ಲ. "ನಿನ್ನ ಮಾನ ಉಳಿಸಬೇಕು ಅಂತ ಹಾಗೆ ಹೇಳಿಬಿಟ್ಟೆ ಮಾವ" ಎಂದು ಅತ್ತೆ.

ಅವನು ಉಸಿರು ಎಳೆದುಕೊಂಡು ನನ್ನ ತಲೆ ಮೇಲೆ ಕೈಯಿಟ್ಟ. ಕಿತ್ತುಹೋದ ಆ ಎರಡು ಉಗುರು ಸೊಟ್ಟಗೆ ಬೆಳೆದಿದ್ದವು.

"ಗೊತ್ತು ಕಣಮ್ಮಯ್ಯ. ನಾನೂ ಅವತ್ತು ನೀರು ಉಳ್ಸೋಕೇ ಹೋಗಿದ್ದು" ಎಂದ.

ಅದೇ ನನ್ನ ಜೊತೆ ಆಡಿದ ಕೊನೆಯ ಮಾತು. ಹನ್ನೊಂದು ದಿನಕ್ಕೆ ಹೋಗಿಬಿಟ್ಟ. ಬೆಳಿಗ್ಗೆ ಸುದ್ದಿ ತಿಳಿದು ನಾನು ಓಡಿಹೋದಾಗ ಹೆಣವನ್ನು ಅಂಗಳದಲ್ಲಿ ಮಲಗಿಸಿದ್ದರು. ಊರಿನ ಹಿರಿಯರು, ಅವತ್ತು ಏರಿಯ ಮೇಲೆ ಅವನ ಮಾತಿಗೆ ನಕ್ಕವರೇ, ಮರ್ಯಾದೆಯಿಂದ ಕಳಿಸಬೇಕೆಂದು ಓಡಾಡುತ್ತಿದ್ದರು. ನಾಗರಾಜ ಒಳಗೆ ಹೋಗಿ ಟ್ರಂಕಿನಿಂದ ಆ ಶಾಲು ಹುಡುಕಿ ತಂದು, ಮಡಿಕೆ ಬಿಚ್ಚಿ, ಮಾವನ ಮೇಲೆ ಕುತ್ತಿಗೆಯವರೆಗೆ ಹೊದಿಸಿದ. "ಸಮುದ್ರದೋರು ಹೊದ್ಸಿದ್ದು. ನಮ್ಮೂರಲ್ಲಿ ಇನ್ಯಾರ್ಗೆ ಆಗಿತ್ತು ಇಂಥ ಸನ್ಮಾನ?" ಎಂದ. ಹೌದು ಹೌದು ಎಂದರು ಎಲ್ಲರೂ.

"ಅಲ್ಲ" ಎಂದೆ ನಾನು. ಗಟ್ಟಿಯಾಗಿಯೇ ಹೇಳಿದೆ. "ಅದು ನಾನು ಕುಮಟಾ ಪೇಟೆಯಲ್ಲಿ ಕೊಂಡಿದ್ದು. ಅವತ್ತು ಏರಿಯ ಮೇಲೆ ಮಾವ ಹೇಳಿದ್ದೆಲ್ಲ ನಿಜ. ಸುಳ್ಳು ಹೇಳಿದವಳು ನಾನು. ಆ ಶಾಲು ತೆಗೆಯಿರಿ."

ಪಕ್ಕದಲ್ಲಿದ್ದ ಒಬ್ಬ ಅಜ್ಜಿ ನನ್ನ ಹೆಗಲು ಬಳಸಿ ಹಿಡಿದು, "ಸುಮ್ಕಿರವ್ವ, ದುಕ್ಕದಲ್ಲಿ ಏನೇನೋ ಬತ್ತೈತೆ ಬಾಯಿಗೆ" ಎಂದು ನನ್ನನ್ನು ಜಗಲಿಯ ಕಡೆ ಕರೆದುಕೊಂಡು ಹೋಗಿ ಕೂರಿಸಿದಳು. ಯಾರೋ ನೀರು ತಂದುಕೊಟ್ಟರು. ನಾನು ಇನ್ನೊಂದು ಸಲ ಹೇಳಿದೆ, ಮತ್ತೊಂದು ಸಲ ಹೇಳಿದೆ. ಪುಟ್ಟಮ್ಮತ್ತೆ ಒಬ್ಬಳೇ ನನ್ನನ್ನು ನೋಡಿದಳು, ಅವಳಿಗೆ ಎಲ್ಲ ಗೊತ್ತಿತ್ತು. ಉಳಿದವರು ಕೆಂಪು ಅಂಚಿನ ಆ ಶಾಲನ್ನು ಸರಿಮಾಡಿ, ಅದರ ಮೇಲೆ ಹೂವಿನ ಹಾರ ಹಾಕಿ, ಮಾವನನ್ನು ಎತ್ತಿಕೊಂಡು ಏರಿಯ ಕಡೆ ಹೊರಟರು.